ಮೊದಲು ಮಣ್ಣು, ಆಮೇಲೆ ಮನೆ

ನ್ಯೂಯಾರ್ಕ್ ನಗರದ ಸೌತ್ ಬ್ರಾಂಕ್ಸ್‌ನಲ್ಲಿ, ಬ್ರೂಕ್ ಅವೆನ್ಯೂ ಮತ್ತು ಪೂರ್ವ 156ನೇ ಬೀದಿ ಕೂಡುವ ಕಡೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಒಂದು ಕಟ್ಟಡವಿದೆ. ಒಂದು ತುದಿಯಲ್ಲಿ ತಗ್ಗಾದ ಸಾಲುಮನೆಗಳು, ಇನ್ನೊಂದು ತುದಿಯಲ್ಲಿ 20 ಅಂತಸ್ತಿನ ಗೋಪುರ. ನಡುವಿನ ತಾರಸಿಗಳೆಲ್ಲ ತೋಟ. ಒಂದು ತಾರಸಿಯಲ್ಲಿ ಸೇಬಿನ ಗಿಡಗಳಿವೆ, ಮತ್ತೊಂದರಲ್ಲಿ ನಿವಾಸಿಗಳು ತರಕಾರಿ ಬೆಳೆಯುವ ಪಾತಿಗಳಿವೆ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟು ಈ ಗಿಡಗಳಿಗೇ ಉಣಿಸುತ್ತಾರೆ. ಕಟ್ಟಡದ ಹೆಸರು 'ವಿಯಾ ವೆರ್ಡೆ', ಸ್ಪ್ಯಾನಿಷ್ ಭಾಷೆಯಲ್ಲಿ ಹಸಿರು ಹಾದಿ.

ಇದು ಸಿರಿವಂತರ ಅಪಾರ್ಟ್‌ಮೆಂಟ್ ಅಲ್ಲ. ಇಲ್ಲಿನ 222 ಮನೆಗಳ ಪೈಕಿ 151 ಕಡಿಮೆ ಆದಾಯದ ಕುಟುಂಬಗಳಿಗೆ ಬಾಡಿಗೆಗೆ ಮೀಸಲು. ಉಳಿದ 71 ಮನೆಗಳನ್ನು ಮಧ್ಯಮ ಆದಾಯದವರಿಗೆ ಸಹಕಾರಿ ಪದ್ಧತಿಯಲ್ಲಿ ಕೊಡಲಾಗಿದೆ. ಕೆಳಗೆ ಒಂದು ಚಿಕಿತ್ಸಾಲಯವಿದೆ. ಮೆಟ್ಟಿಲ ಕೋಣೆಗಳಿಗೂ ಹಗಲು ಬೆಳಕು ಬೀಳುವಂತೆ ಕಟ್ಟಿದ್ದಾರೆ, ಜನ ಲಿಫ್ಟ್ ಬಿಟ್ಟು ನಡೆದೇ ಹತ್ತಲಿ ಎಂದು. ನಗರಾಡಳಿತ ಮತ್ತು ವಾಸ್ತುಶಿಲ್ಪಿಗಳ ಸಂಘ ಸೇರಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸ ಇದು. ಜನ ಬಂದು ನೆಲೆಸಿದ್ದು 2012ರಲ್ಲಿ.

ಅದಕ್ಕೂ ಮುಂಚೆ ಇಲ್ಲಿದ್ದದ್ದು ಒಂದೂವರೆ ಎಕರೆಯ ಮುಕ್ಕೋನದ ಪಾಳುಜಾಗ, ಹಳೆಯ ರೈಲು ಯಾರ್ಡ್. ಅಂಥ ಯಾರ್ಡ್‌ಗಳ ನೆಲದಲ್ಲಿ ಸಾಮಾನ್ಯವಾಗಿ ಕಲ್ಲಿದ್ದಲಿನ ಬೂದಿ, ಎಂಜಿನ್ ಎಣ್ಣೆ, ಮರದ ಸ್ಲೀಪರ್‌ಗಳು ಹುಳ ಹಿಡಿಯದಿರಲೆಂದು ಬಳಿಯುತ್ತಿದ್ದ ಡಾಂಬರಿನಂಥ ಕ್ರಿಯೋಸೋಟ್ ಎಲ್ಲ ಇಂಗಿರುತ್ತವೆ. ಹಳಿ ಕಿತ್ತು ಎಷ್ಟು ವರ್ಷವಾದರೂ ಮಣ್ಣು ಅದನ್ನು ಮರೆಯುವುದಿಲ್ಲ. ವಿಯಾ ವೆರ್ಡೆಯ ಜಾಗವೂ ಮಲಿನಗೊಂಡು, ಕೇಳುವವರಿಲ್ಲದೆ ನಗರಾಡಳಿತದ ಕೈಯಲ್ಲಿ ಬಿದ್ದಿತ್ತು.

ನಮ್ಮಲ್ಲಿ ಒಂದು ಸೈಟು ಕೊಳ್ಳುವಾಗ ಜನ ಎಷ್ಟೆಲ್ಲ ನೋಡುತ್ತಾರೆ! ಮೂಲಪತ್ರ, ಖಾತೆ, ಋಣಭಾರ ಪತ್ರ, ಕಂದಾಯದ ರಸೀದಿ. ಆಮೇಲೆ ವಾಸ್ತು, ಬೋರ್‌ವೆಲ್‌ನ ಆಳ, ಬಸ್ ನಿಲ್ದಾಣದ ದೂರ. ಆ ನೆಲದ ಮೇಲೆ ಸಾಲ ಎಷ್ಟಿದೆ ಎಂದು ಋಣಭಾರ ಪತ್ರ ಹೇಳುತ್ತದೆ. ಆ ನೆಲದೊಳಗೆ ಏನಿದೆ ಎಂದು ಹೇಳುವ ಪತ್ರ ಯಾವುದೂ ಇಲ್ಲ. ಅದನ್ನು ಕೇಳಲೇಬೇಕು ಎಂದು ಅಮೆರಿಕ ಕಲಿತದ್ದು ಒಂದು ಊರಿನ ಮಕ್ಕಳ ಆರೋಗ್ಯ ಹಾಳಾದ ಮೇಲೆ.

ಒಂದು ಡಾಲರಿಗೆ ಮಾರಿದ ನೆಲ

ನ್ಯೂಯಾರ್ಕ್ ರಾಜ್ಯದ ಇನ್ನೊಂದು ಮೂಲೆಯಲ್ಲಿ, ನಯಾಗರಾ ಜಲಪಾತದ ಊರಿನಲ್ಲಿ, 1890ರ ದಶಕದಲ್ಲಿ ವಿಲಿಯಂ ಲವ್ ಎಂಬಾತ ಒಂದು ಕಾಲುವೆ ತೋಡಿಸತೊಡಗಿದ. ಕೆಲಸ ಅರ್ಧಕ್ಕೇ ನಿಂತಿತು. ಉಳಿದ ಹೊಂಡಕ್ಕೆ 'ಲವ್ ಕೆನಾಲ್' ಎಂಬ ಹೆಸರು ಅಂಟಿಕೊಂಡಿತು. 1942ರಿಂದ 1953ರವರೆಗೆ ಹೂಕರ್ ಕೆಮಿಕಲ್ ಕಂಪನಿ ಅಲ್ಲಿ ಸುಮಾರು 21 ಸಾವಿರ ಟನ್ ರಾಸಾಯನಿಕ ತ್ಯಾಜ್ಯವನ್ನು ಹೂತುಹಾಕಿತು. ಅದು ಆಗಿನ ಕಾನೂನಿಗೆ ವಿರುದ್ಧವಾಗಿರಲಿಲ್ಲ.

1953ರಲ್ಲಿ ಕಂಪನಿ ಹೊಂಡಕ್ಕೆ ಮಣ್ಣು ಮುಚ್ಚಿ, ಇಡೀ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಕೆಳಗೆ ರಾಸಾಯನಿಕಗಳಿವೆ, ಮುಂದೆ ಏನಾದರೂ ಆದರೆ ಕಂಪನಿ ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಮಂಡಳಿ ಅದರ ಮೇಲೆ ಶಾಲೆ ಕಟ್ಟಿಸಿತು. ಸುತ್ತ ದುಡಿಯುವ ವರ್ಗದ ಕುಟುಂಬಗಳ ಮನೆಗಳು ಎದ್ದವು. ಮನೆ ಕೊಂಡವರಿಗೆ ಆ ಪತ್ರದ ವಿಷಯ ಯಾರೂ ಹೇಳಲಿಲ್ಲ.

1970ರ ದಶಕದ ನಡುವೆ ಮಳೆ ಮತ್ತು ಹಿಮ ಹೆಚ್ಚಾಗಿ ಅಂತರ್ಜಲ ಮೇಲೆ ಬಂತು. ನೆಲಮಾಳಿಗೆಗಳ ಗೋಡೆಗಳಲ್ಲಿ ಕಪ್ಪು ದ್ರವ ಜಿನುಗಿತು. ಹಿತ್ತಿಲಿನಲ್ಲಿ ಹೂತಿದ್ದ ಪೀಪಾಯಿಗಳು ಮೇಲೆದ್ದವು. ಆಡಿ ಬಂದ ಮಕ್ಕಳ ಕೈಕಾಲು ಉರಿಯುತ್ತಿತ್ತು. ಅದೇ ಶಾಲೆಗೆ ಮಗನನ್ನು ಕಳಿಸುತ್ತಿದ್ದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆ ಮನೆ ಬಾಗಿಲು ತಟ್ಟಿ, ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಕೇಳಿ ಬರೆದುಕೊಂಡರು. ಆ ಹೋರಾಟದ ಬಿಸಿಗೆ 1978ರ ಆಗಸ್ಟ್ 7ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರು. ಕೊನೆಗೆ 900ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೊರಟವು.

ಆ ಘೋಷಣೆಗೆ ಹತ್ತು ತಿಂಗಳ ಹಿಂದೆ ಇದೇ ಕಾರ್ಟರ್ ಸೌತ್ ಬ್ರಾಂಕ್ಸ್‌ನ ಶಾರ್ಲೆಟ್ ಬೀದಿಯಲ್ಲಿ ನಡೆದಿದ್ದರು. ಸುತ್ತಲೂ ಸುಟ್ಟ ಕಟ್ಟಡಗಳು, ಇಟ್ಟಿಗೆಯ ರಾಶಿಗಳು, ಬರಿದಾದ ಬಡಾವಣೆ. ಮನೆಯಿಲ್ಲದ ಬಡವರು ಒಂದು ಕಡೆ, ಮನೆಯಿದ್ದೂ ನೆಲ ನಂಬಲಾಗದವರು ಇನ್ನೊಂದು ಕಡೆ. ಈ ಎರಡು ಸಂಕಟಗಳನ್ನು ಒಟ್ಟಿಗೆ ಬಗೆಹರಿಸುವ ದಾರಿ ಸಿಗಲು ದಶಕಗಳೇ ಹಿಡಿದವು.

ಭಯದಿಂದ ಪಾಳುಬಿದ್ದ ಜಾಗಗಳು

ಲವ್ ಕೆನಾಲ್‌ನ ಪಾಠದಿಂದ 1980ರ ಡಿಸೆಂಬರ್‌ನಲ್ಲಿ 'ಸೂಪರ್‌ಫಂಡ್' ಎಂದು ಹೆಸರಾದ ಕಾನೂನು ಬಂತು. ನೆಲ ಕೆಡಿಸಿದವರೇ ಅದನ್ನು ಶುದ್ಧ ಮಾಡಬೇಕು ಎಂಬುದು ಅದರ ತಿರುಳು. ಆದರೆ ಕಾನೂನು ಅಷ್ಟಕ್ಕೆ ನಿಲ್ಲಲಿಲ್ಲ. ಈಗಿನ ಮಾಲೀಕನ ಮೇಲೂ ಹೊಣೆ ಹೊರಿಸಿತು, ಅವನು ಒಂದು ಹನಿ ವಿಷವನ್ನೂ ಚೆಲ್ಲಿರದಿದ್ದರೂ ಸರಿ.

ಇದರಿಂದ ಯಾರೂ ನೆನೆಸದ ಫಲ ಸಿಕ್ಕಿತು. ಊರೊಳಗಿನ ಹಳೆಯ ಕಾರ್ಖಾನೆ, ಪೆಟ್ರೋಲ್ ಬಂಕ್, ಬಟ್ಟೆಯ ಡ್ರೈಕ್ಲೀನಿಂಗ್ ಅಂಗಡಿ, ಗ್ಯಾಸ್ ಘಟಕಗಳ ಜಾಗವನ್ನು ಯಾರೂ ಮುಟ್ಟದಾದರು. ಕೊಂಡರೆ ಹೊಣೆ ತಲೆಗೆ ಬರುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ. ಕಟ್ಟುವವರು ಊರಾಚೆಯ ಹೊಲ, ಕಾಡುಗಳತ್ತ ಹೋದರು. ಊರ ನಡುವಿನ ಜಾಗಗಳು ಬೇಲಿ ಹಾಕಿಸಿಕೊಂಡು ಹಾಗೇ ಉಳಿದವು. ಇಂಥ ಜಾಗಗಳಿಗೆ 'ಬ್ರೌನ್‌ಫೀಲ್ಡ್' ಎನ್ನುತ್ತಾರೆ. ಅಮೆರಿಕದಲ್ಲಿ ಅವು ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿವೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

2002ರ ಜನವರಿಯಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಕೊಳ್ಳುವ ಮುನ್ನ ನೆಲದ ಚರಿತ್ರೆಯನ್ನು ಪೂರ್ತಿ ವಿಚಾರಿಸಿ, ಸಿಕ್ಕ ಮಾಲಿನ್ಯಕ್ಕೆ ತಕ್ಕ ಕ್ರಮ ಕೈಗೊಂಡವರಿಗೆ ಹಳೆಯ ಪಾಪದ ಹೊಣೆ ಇಲ್ಲವೆಂದಾಯಿತು. ಪರೀಕ್ಷೆಗೂ ಶುದ್ಧೀಕರಣಕ್ಕೂ ಅನುದಾನ ಸಿಗತೊಡಗಿತು. ಮರುವರ್ಷ ನ್ಯೂಯಾರ್ಕ್ ರಾಜ್ಯ ತನ್ನದೇ ಶುದ್ಧೀಕರಣ ಯೋಜನೆ ತಂದು, ನೆಲ ತೊಳೆದು ಕಟ್ಟುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು.

ನೆಲದ ಚರಿತ್ರೆಯನ್ನು ವಿಚಾರಿಸುವುದು ಪತ್ತೇದಾರಿ ಕೆಲಸ. ಅಮೆರಿಕದಲ್ಲಿ ಬೆಂಕಿ ವಿಮೆಯ ಕಂಪನಿಗಳಿಗಾಗಿ ತಯಾರಿಸಿದ ಹಳೆಯ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಯಾವ ಕಟ್ಟಡದಲ್ಲಿ ಯಾವ ಉದ್ಯಮವಿತ್ತು, ಎಣ್ಣೆಯ ತೊಟ್ಟಿ ಎಲ್ಲಿತ್ತು ಎಂಬುದೆಲ್ಲ ಗುರುತಾಗಿದೆ. ಬೆಂಕಿಗೆ ಹೆದರಿ ಬರೆದಿಟ್ಟ ಆ ದಾಖಲೆಯನ್ನು ಪರಿಸರ ಎಂಜಿನಿಯರುಗಳು ಈಗ ವಿಷ ಹುಡುಕಲು ಬಳಸುತ್ತಾರೆ. ಅನುಮಾನ ಬಂದ ಕಡೆ ಕೊಳವೆ ಇಳಿಸಿ ಮಣ್ಣು, ನೀರು, ಮಣ್ಣಿನ ಸಂದಿಯ ಗಾಳಿ ಮೂರನ್ನೂ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಮಣ್ಣಿಗೂ ಆಸ್ಪತ್ರೆ

ಕೆಟ್ಟ ಮಣ್ಣನ್ನು ಅಗೆದು ಲಾರಿಯಲ್ಲಿ ಹೊರಗೆ ಸಾಗಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಅದರಿಂದ ಒಂದು ಊರಿನ ವಿಷ ಇನ್ನೊಂದು ಊರಿನ ಹೊಂಡ ಸೇರುತ್ತದೆ, ಅಷ್ಟೇ. ಇರುವಲ್ಲೇ ಮಣ್ಣನ್ನು ತೊಳೆಯಬಹುದು ಎಂದು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಲಂಡನ್.

ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ಸುತ್ತಮುತ್ತ ಒಂದೂವರೆ ಶತಮಾನ ಕಾಲ ರಾಸಾಯನಿಕ ಕಾರ್ಖಾನೆಗಳು, ರೈಲು ಯಾರ್ಡ್‌ಗಳು, ಗುಜರಿ ಅಂಗಡಿಗಳು, ಕಸದ ಗುಂಡಿಗಳು ಇದ್ದವು. ಎಸೆದ ಫ್ರಿಜ್‌ಗಳು ಬೆಟ್ಟದಂತೆ ಬೆಳೆದ ಒಂದು ರಾಶಿಯೂ ಅಲ್ಲಿತ್ತು. 2012ರ ಒಲಿಂಪಿಕ್ಸ್‌ಗೆ ಆರಿಸಿದ್ದು ಇದೇ ಸುಮಾರು ಎರಡೂವರೆ ಚದರ ಕಿಲೋಮೀಟರ್ ಜಾಗವನ್ನು. ಎಣ್ಣೆ, ಟಾರು, ಸೀಸ, ಆರ್ಸೆನಿಕ್, ಸೈನೈಡ್ ಎಲ್ಲ ಆ ಮಣ್ಣಿನಲ್ಲಿ ಬೆರೆತಿದ್ದವು.

ಅಲ್ಲಿ ತೆರೆದ ಘಟಕಕ್ಕೆ ಬಂದ ಹೆಸರು 'ಮಣ್ಣಿನ ಆಸ್ಪತ್ರೆ'. ಅಡುಗೆಮನೆಯಲ್ಲಿ ಅಕ್ಕಿ ಜಾಲಿಸುವುದನ್ನು ನೆನೆದರೆ ಯಂತ್ರದ ಕೆಲಸ ತಿಳಿಯುತ್ತದೆ. ಅಗೆದ ಮಣ್ಣನ್ನು ಜರಡಿ ಹಿಡಿದು, ನೀರು ಹಾಯಿಸಿ, ಉಜ್ಜಿ ತಿರುವುತ್ತಾರೆ. ವಿಷ ಹೆಚ್ಚಾಗಿ ಅಂಟಿಕೊಳ್ಳುವುದು ನುಣ್ಣನೆಯ ಜೇಡಿಗೆ. ಜಲ್ಲಿ ಮತ್ತು ಮರಳು ತೊಳೆದು ಬೇರೆಯಾದರೆ ಮತ್ತೆ ಬಳಸಲು ಯೋಗ್ಯ. ಕೊನೆಗೆ ಉಳಿಯುವ ಸ್ವಲ್ಪ ಕೆಸರನ್ನು ಮಾತ್ರ ಸುರಕ್ಷಿತ ಹೊಂಡಕ್ಕೆ ಕಳಿಸಿದರೆ ಸಾಕು. ಎಣ್ಣೆ ಕುಡಿದ ಮಣ್ಣಿಗೆ ಬೇರೆ ಮದ್ದು. ತಿಪ್ಪೆಗೊಬ್ಬರ ಮಗುಚಿದ ಹಾಗೆ ರಾಶಿ ಹಾಕಿ, ಗಾಳಿ ಆಡಿಸಿ, ತೇವ ಮತ್ತು ಪೋಷಕಾಂಶ ಕೊಟ್ಟರೆ ಮಣ್ಣಿನ ಬ್ಯಾಕ್ಟೀರಿಯಾಗಳೇ ಎಣ್ಣೆಯನ್ನು ತಿಂದು ಮುಗಿಸುತ್ತವೆ. ಹೀಗೆ ಲಂಡನ್ನಿನಲ್ಲಿ ಸುಮಾರು 20 ಲಕ್ಷ ಟನ್ ಮಣ್ಣು ಶುದ್ಧವಾಯಿತು. ಅಗೆದದ್ದರಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲೇ ಮತ್ತೆ ಬಳಕೆಯಾಯಿತು.

ಸೀಸ, ಆರ್ಸೆನಿಕ್‌ನಂಥ ಲೋಹಗಳನ್ನು ಬ್ಯಾಕ್ಟೀರಿಯಾ ತಿನ್ನಲಾರದು. ತೆಗೆಯಲಾಗದೆ ಉಳಿದದ್ದನ್ನು ಮುಚ್ಚಬೇಕು. ಮೇಲೊಂದು ಎದ್ದುಕಾಣುವ ಬಣ್ಣದ ಜಾಲರಿ ಹಾಸಿ, ಅದರ ಮೇಲೆ ಶುದ್ಧ ಮಣ್ಣು ಹಾಕುವ ರೂಢಿಯಿದೆ. ಮುಂದೆಂದೋ ಯಾರಾದರೂ ಅಗೆದರೆ ಆ ಬಣ್ಣ ಕಂಡು ಕೈ ತಡೆಯಲಿ ಎಂದು. ಪೆಟ್ರೋಲು, ಡ್ರೈಕ್ಲೀನಿಂಗ್ ದ್ರಾವಣಗಳಂಥವು ಆವಿಯಾಗಿ ಮನೆಯ ನೆಲದ ಬಿರುಕಿನಿಂದ ಒಳಗೆ ಬರುತ್ತವೆ. ಅದಕ್ಕೆ ಕಾಂಕ್ರೀಟಿನ ಅಡಿಯಲ್ಲಿ ಜಲ್ಲಿಯ ಹಾಸು, ಅದರೊಳಗೆ ತೂತುಕೊಳವೆಗಳು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಕೊಳವೆಯನ್ನು ತಾರಸಿಯ ತನಕ ಒಯ್ದು, ಬೇಕಾದರೆ ಫ್ಯಾನ್ ಇಟ್ಟು ಆವಿಯನ್ನು ಹೊರಗೆಳೆಯುತ್ತಾರೆ. ಕಟ್ಟಡ ಇರುವಷ್ಟು ಕಾಲ ಈ ಫ್ಯಾನು ಓಡುತ್ತಿದೆಯೇ ಎಂದು ನೋಡುವವರೊಬ್ಬರು ಬೇಕು.

ಆಟಗಾರರು ತಂಗಿದ್ದ ಒಲಿಂಪಿಕ್ ಗ್ರಾಮ ಇಂದು 'ಈಸ್ಟ್ ವಿಲೇಜ್' ಎಂಬ ಬಡಾವಣೆ. ಅಲ್ಲಿ 2,818 ಮನೆಗಳಿವೆ. ಅವುಗಳಲ್ಲಿ 1,379 ಕೈಗೆಟಕುವ ದರದವು. ಅವುಗಳ ಪೈಕಿ 675 ಬಡ ಕುಟುಂಬಗಳಿಗೆ ಸಾಮಾಜಿಕ ಬಾಡಿಗೆಗೆ ಕೊಟ್ಟವು.

ಖರ್ಚು ಯಾರದು, ಲಾಭ ಯಾರದು

ಕೆಟ್ಟ ನೆಲಕ್ಕೂ ಅಗ್ಗದ ಮನೆಗೂ ನಂಟು ಬೆಳೆಯುವುದು ಹಣದ ಲೆಕ್ಕದಿಂದ. ಊರ ನಡುವೆ ಮನೆಯ ಬೆಲೆಯಲ್ಲಿ ದೊಡ್ಡ ಪಾಲು ನೆಲದ್ದು. ಮಾಲಿನ್ಯದಿಂದ ಬೆಲೆ ಕಳೆದುಕೊಂಡ ಜಾಗ ನಗರಾಡಳಿತದ ಕೈಯಲ್ಲೇ ಇದ್ದರೆ, ಅದನ್ನು ಕಡಿಮೆ ಬೆಲೆಗೆ ಕೊಟ್ಟು, ಶುದ್ಧೀಕರಣಕ್ಕೆ ಸರ್ಕಾರದ ನೆರವು ಸೇರಿಸಿದರೆ ಬಾಡಿಗೆ ತಗ್ಗಿಸಬಹುದು. ರೈಲು, ಬಸ್ಸು, ಒಳಚರಂಡಿ ಆಗಲೇ ಹತ್ತಿರ ಇರುತ್ತವೆ. ಬಡವರನ್ನು ಕೆಲಸದಿಂದ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ತಳ್ಳಬೇಕಿಲ್ಲ.

ಆದರೆ ನೆಲ ಶುದ್ಧವಾದ ದಿನವೇ ಅದರ ಬೆಲೆ ಏರುತ್ತದೆ. ಆ ಏರಿಕೆಯ ಲಾಭ ಯಾರಿಗೆ ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆದಿರಬೇಕು. ಒಲಿಂಪಿಕ್ ಪಾರ್ಕ್‌ನಲ್ಲಿ ಆಮೇಲೆ ಎದ್ದ ಬಡಾವಣೆಗಳಲ್ಲಿ ಅಗ್ಗದ ಮನೆಗಳ ಪಾಲು ಅರ್ಧದಷ್ಟು ಉಳಿಯಲಿಲ್ಲ. ನ್ಯೂಯಾರ್ಕ್ ರಾಜ್ಯದ ತೆರಿಗೆ ರಿಯಾಯಿತಿಯೂ ಮೊದಮೊದಲು ದುಬಾರಿ ಕಟ್ಟಡಗಳಿಗೆ ಧಾರಾಳವಾಗಿ ಹರಿದುಹೋಯಿತು. 2015ರಲ್ಲಿ ನಿಯಮ ತಿದ್ದಿದ ಮೇಲೆ, ನ್ಯೂಯಾರ್ಕ್ ನಗರದೊಳಗೆ ದೊಡ್ಡ ರಿಯಾಯಿತಿ ಬೇಕೆಂದರೆ ಒಂದೋ ಹಿಂದುಳಿದ ಪ್ರದೇಶವಾಗಿರಬೇಕು, ಇಲ್ಲವೇ ಶುದ್ಧೀಕರಣದ ಖರ್ಚು ನೆಲದ ಬೆಲೆಯ ಮುಕ್ಕಾಲು ಪಾಲನ್ನಾದರೂ ಮುಟ್ಟಬೇಕು, ಇಲ್ಲವೇ ಅಗ್ಗದ ಮನೆಗಳನ್ನು ಕಟ್ಟಬೇಕು ಎಂಬಂಥ ಷರತ್ತುಗಳು ಬಂದವು.

ಸೀಸದ ಮೇಲೆ ಮಲಗಿದ ಮಕ್ಕಳು

ವಿಯಾ ವೆರ್ಡೆಯ ಚಿತ್ರ ನೋಡಿ ಸಂತೋಷಪಡುವವರು ಇಂಡಿಯಾನಾ ರಾಜ್ಯದ ಈಸ್ಟ್ ಶಿಕಾಗೋದ ಕಥೆಯನ್ನೂ ಕೇಳಬೇಕು. ಅಲ್ಲಿ ಸೀಸದ ಹಳೆಯ ಕಾರ್ಖಾನೆಯೊಂದನ್ನು ಕೆಡವಿದ ಜಾಗದಲ್ಲಿ 1970ರ ದಶಕದ ಆರಂಭದಲ್ಲಿ ಸಾರ್ವಜನಿಕ ವಸತಿ ಪ್ರಾಧಿಕಾರ ಬಡವರಿಗಾಗಿ 346 ಮನೆ ಕಟ್ಟಿತು. ಹೆಸರು ವೆಸ್ಟ್ ಕ್ಯಾಲ್ಯುಮೆಟ್. ಪಕ್ಕದಲ್ಲೇ ಪ್ರಾಥಮಿಕ ಶಾಲೆ. ಮಣ್ಣನ್ನು ತೊಳೆಯಲಿಲ್ಲ, ಬದಲಿಸಲೂ ಇಲ್ಲ.

2009ರಲ್ಲಿ ಈ ಪ್ರದೇಶ ಸೂಪರ್‌ಫಂಡ್ ಪಟ್ಟಿಗೆ ಸೇರಿತು. ಆದರೂ ಜನ ಅಲ್ಲೇ ಇದ್ದರು. ಮನೆಯಂಗಳದ ಮಣ್ಣಿನಲ್ಲಿ ಸೀಸಕ್ಕೆ ಆಗ ಇದ್ದ ಮಿತಿ ಹತ್ತು ಲಕ್ಷದಲ್ಲಿ 400 ಭಾಗ. ಅಲ್ಲಿನ ಅನೇಕ ಅಂಗಳಗಳಲ್ಲಿ ಅದರ ಹಲವು ಪಟ್ಟು ಸೀಸವಿತ್ತು. ಪರೀಕ್ಷೆಯ ವಿವರಗಳು ನಗರಾಡಳಿತದ ಕೈಸೇರಿದ್ದು 2016ರಲ್ಲಿ. ಆ ಜುಲೈನಲ್ಲಿ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಮೇಯರ್ ನಿವಾಸಿಗಳಿಗೆ ಪತ್ರ ಬರೆದರು. ಹುಲ್ಲುಹಾಸಿನ ಮೇಲೆ ಫಲಕಗಳನ್ನು ನೆಟ್ಟರು: ಮಕ್ಕಳು ಮಣ್ಣಿನಲ್ಲಿ ಆಡಬಾರದು. ಅಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಸುಮಾರು 670 ಮಂದಿ ಮಕ್ಕಳು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಒಮ್ಮೆ ಆದ ಹಾನಿಯನ್ನು ಹಿಂದಕ್ಕೆ ತರುವ ಔಷಧ ಇಲ್ಲ. 2018ರಲ್ಲಿ ಮನೆಗಳನ್ನು ನೆಲಸಮ ಮಾಡಿದರು.

ವಿಯಾ ವೆರ್ಡೆ, ವೆಸ್ಟ್ ಕ್ಯಾಲ್ಯುಮೆಟ್ ಎರಡೂ ಬಡವರಿಗಾಗಿ, ಮಲಿನ ನೆಲದ ಮೇಲೆ ಕಟ್ಟಿದ ಮನೆಗಳೇ. ಒಂದು ಕಡೆ ನೆಲದ ಸ್ಥಿತಿಯನ್ನು ಮೊದಲೇ ಅರಿತು ಕಟ್ಟಿದರು. ಇನ್ನೊಂದು ಕಡೆ ಮೊದಲು ಮನೆ ಕಟ್ಟಿ, ನಲವತ್ತು ವರ್ಷಗಳ ನಂತರ ನೆಲದೊಳಗಿನ ಸಂಗತಿ ತಿಳಿಸಿದರು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಗೋವಾನಸ್ ಕಾಲುವೆ ದಂಡೆಯಲ್ಲಿ ಹಳೆಯ ಗ್ಯಾಸ್ ಘಟಕದ ಜಾಗದಲ್ಲಿ ಸುಮಾರು 950 ಅಗ್ಗದ ಮನೆಗಳ ಯೋಜನೆ ಬಂದಾಗ ಸ್ಥಳೀಯರಲ್ಲಿ ಕೆಲವರು ಮನೆ ಬೇಕು ಎಂದರು, ಕೆಲವರು ಕೆಳಗೆ ಇಂಗಿದ ಕೋಲ್ ಟಾರ್ ಪೂರ್ತಿ ಹೋಗಿದೆಯೇ ಎಂದು ಕೇಳಿದರು. ಆ ಪ್ರಶ್ನೆ ಕೇಳುವವರನ್ನು ಬಡವರ ಮನೆಗೆ ಅಡ್ಡಬರುವವರು ಎಂದು ತಳ್ಳಿಹಾಕುವುದು ಅನ್ಯಾಯ. ವೆಸ್ಟ್ ಕ್ಯಾಲ್ಯುಮೆಟ್‌ನಲ್ಲಿ ಅಂಥ ಪ್ರಶ್ನೆಯನ್ನು 1970ರಲ್ಲೇ ಕೇಳಿದ್ದರೆ ಆ ಮಕ್ಕಳು ಸೀಸದಿಂದ ಪಾರಾಗುತ್ತಿದ್ದರು.

ನಮ್ಮ ನೆಲದ ಪಟ್ಟಿ

ಭಾರತದಲ್ಲಿ ಈ ವಿಷಯಕ್ಕೆಂದೇ ಮೀಸಲಾದ ನಿಯಮ ಬಂದದ್ದು 2025ರ ಜುಲೈನಲ್ಲಿ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಂಗಳದಿಂದ 337 ಟನ್ ವಿಷತ್ಯಾಜ್ಯ ಪೀತಾಂಪುರಕ್ಕೆ ಹೊರಟದ್ದೂ ಅದೇ ವರ್ಷದ ಜನವರಿಯಲ್ಲಿ, ಅಲ್ಲಿ ಅನಿಲ ದುರಂತ ನಡೆದು 40 ವರ್ಷವಾದ ಮೇಲೆ. ಹೊಸ ನಿಯಮದಂತೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ವರದಿ ಕೊಡಬೇಕು. ಮಾಲಿನ್ಯ ಖಚಿತವಾದರೆ ಜಾಗದ ವಿವರವನ್ನು ಜನರಿಗೆ ತಿಳಿಸಬೇಕು, ಅಲ್ಲಿ ಓಡಾಟ ನಿರ್ಬಂಧಿಸಬೇಕು, ಕೆಡಿಸಿದವರಿಂದಲೇ ಖರ್ಚು ವಸೂಲಿ ಮಾಡಬೇಕು. ಆದರೆ ಗಣಿಗಾರಿಕೆಯ ಮಾಲಿನ್ಯ, ಊರಿನ ಕಸ ಸುರಿದ ಜಾಗಗಳಂಥವನ್ನು ಸಾಮಾನ್ಯವಾಗಿ ಇದರಿಂದ ಹೊರಗಿಡಲಾಗಿದೆ. ಅವುಗಳಿಗೆ ಬೇರೆ ಕಾನೂನುಗಳಿವೆ ಎಂಬುದು ಕಾರಣ.

ಹೊರಗುಳಿದದ್ದು ಏನೆಂದು ತಿಳಿಯಲು ಕರ್ನಾಟಕದವರು ಕೆಜಿಎಫ್ ತನಕ ಹೋದರೆ ಸಾಕು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದಿರು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು ಉಳಿದ ಪುಡಿ ಅಲ್ಲಿ ದಿಬ್ಬ ದಿಬ್ಬವಾಗಿ ನಿಂತಿದೆ. ಊರಿನವರು ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಅಂಥ 13 ದಿಬ್ಬಗಳು ಸುಮಾರು ಸಾವಿರ ಎಕರೆಯಲ್ಲಿ ಹರಡಿವೆ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ಗಾಳಿ ಬೀಸಿದಾಗ ಆ ದೂಳು ಹೋಗಿ ಕೂರುವುದು ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲೆ. ದಿಬ್ಬದಿಂದ ಚಿನ್ನ ತೆಗೆಯುವ ಕರಾರಿನಲ್ಲೇ ನೆಲವನ್ನು ಶುದ್ಧ ಮಾಡಿ ಒಪ್ಪಿಸುವ ಷರತ್ತನ್ನೂ, ಆ ನೆಲದಲ್ಲಿ ಲೈನ್ ಮನೆಯ ಜನರಿಗೆ ಪಾಲನ್ನೂ ಬರೆದರೆ, ಚಿನ್ನ ತೆಗೆದುಕೊಟ್ಟ ಕುಟುಂಬಗಳಿಗೆ ಅದಕ್ಕಿಂತ ಸಲ್ಲುವ ನ್ಯಾಯ ಬೇರೆ ಇಲ್ಲ.

ಊರುಗಳು ಬೆಳೆಯುತ್ತಿವೆ, ಹಳೆಯ ಕಾರ್ಖಾನೆಗಳು ಮುಚ್ಚುತ್ತಿವೆ, ಅವುಗಳ ಜಾಗದಲ್ಲಿ ಬಡಾವಣೆಗಳು ಏಳುತ್ತಿವೆ. ನಿಮ್ಮ ಊರಿನಲ್ಲಿ ಅಂಥ ಜಾಗದಲ್ಲಿ ಆಶ್ರಯ ಮನೆಯಾಗಲಿ, ಗೃಹಮಂಡಳಿಯ ಫ್ಲ್ಯಾಟ್ ಆಗಲಿ ಬರುತ್ತದೆ ಎಂದು ತಿಳಿದಾಗ, ಅಲ್ಲಿ ಮೊದಲು ಏನಿತ್ತು, ಮಣ್ಣಿನ ಪರೀಕ್ಷೆ ಆಗಿದೆಯೇ, ವರದಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಬರೆದು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹೊಸ ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಾಗಿದ್ದ ಮಲಿನ ಜಾಗಗಳು 103. ಶುದ್ಧೀಕರಣ ಶುರುವಾಗಿದ್ದದ್ದು 7 ಕಡೆ.